‘ಅಲ್ಲಿ ನಮ್ಮವರ ಮನೆ ಎಷ್ಟು?’ – ನಾ. ಡಿಸೋಜರ ‘ದ್ವೀಪ’ ಕೇಳುವ ಪ್ರಶ್ನೆ

ಮಳೆಗಾಲ ಕಾಲಿಟ್ಟಿತೆಂದರೆ ಉಳ್ಳಾಲದ ಕಡಲ ದಂಡೆಯವರಿಗೆ ಸುಖನಿದ್ದೆಯಿಲ್ಲ. ಮೊಗವೀರಪಟ್ಣ, ಸೋಮೇಶ್ವರ, ಉಚ್ಚಿಲದ ತೀರಗಳಲ್ಲಿ ಕಡಲು ನೆಲವನ್ನು ಕೊರೆಯುತ್ತಲೇ ಬಂದಿದೆ. ಮೊದಲು ಅಂಗಳದಂಚಿನ ತೆಂಗಿನ ಮರ, ಬಳಿಕ ಬಚ್ಚಲ ಗೋಡೆ, ಕೊನೆಗೆ ಮನೆಯ ಪಡಸಾಲೆ. ಕಲ್ಲು ಸುರಿದು ಕಟ್ಟಿದ ತಡೆಗೋಡೆಯನ್ನೂ ಅಲೆಗಳು ಕೆಲವೆಡೆ ಎಳೆದುಕೊಂಡಿವೆ.

ಬಹಳ ವರ್ಷಗಳ ಹಿಂದಿನ ಮಾತು. ನಾನು ಆಗ ಸೇವೆಯಲ್ಲಿದ್ದ ಕರಾವಳಿಯ ಒಂದು ಧರ್ಮಕೇಂದ್ರದಲ್ಲಿ, ಕಡಲ್ಕೊರೆತಕ್ಕೆ ಸಿಕ್ಕಿದವರಿಗೆ ನೆರವು ನೀಡುವ ವಿಚಾರವಾಗಿ ಗುರ್ಕಾರರ ಸಭೆ ಸೇರಿತ್ತು. ಹಿರಿಯರೊಬ್ಬರು ಎದ್ದು, “ಫಾದರ್, ಅಲ್ಲಿ ನಮ್ಮವರ ಮನೆ ಎಷ್ಟು?” ಎಂದು ಕೇಳಿದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ, “ಎರಡು” ಎಂದೆ. ಎರಡು ಮನೆಗಳಿಗೆ ಅಕ್ಕಿ, ಬಟ್ಟೆ ಹೋಯಿತು. ಅದೇ ಸಾಲಿನಲ್ಲಿ ಕುಸಿದಿದ್ದ ಮೊಗವೀರರ, ಬ್ಯಾರಿಗಳ ಮನೆಗಳ ಮಾತು ಆ ಸಭೆಯಲ್ಲಿ ಬರಲಿಲ್ಲ. ಕೇಳಿದವರು ಒಳ್ಳೆಯ ಮನುಷ್ಯರೇ. ತಪ್ಪು ಇದ್ದುದು ಲೆಕ್ಕ ಹಾಕಿದ ನನ್ನಲ್ಲಿ.

ಈ ಪ್ರಸಂಗ ನನ್ನನ್ನು ಚುಚ್ಚಿದ್ದು ಯಾವುದೋ ಧ್ಯಾನಕೂಟದಲ್ಲಲ್ಲ, ನಾ. ಡಿಸೋಜರ ‘ದ್ವೀಪ’ ಕಾದಂಬರಿಯನ್ನು ಎರಡನೆಯ ಸಲ ಓದುವಾಗ. ಆದುದರಿಂದ ಈ ವಾರ ಆ ಲೇಖಕರ ಬಗ್ಗೆ ನಾಲ್ಕು ಮಾತು ಬರೆಯಬೇಕೆನಿಸಿತು.

ನೋರ್ಬರ್ಟ್ ಡಿಸೋಜರು ಜನಿಸಿದ್ದು 1937ರ ಜೂನ್ 6ರಂದು, ಘಟ್ಟದ ಮೇಲಿನ ಸಾಗರದಲ್ಲಿ. ಮನೆಮಾತು ನಮ್ಮದೇ ಕೊಂಕಣಿ, ಬರೆದದ್ದು ಕನ್ನಡದಲ್ಲಿ. ಕಾದಂಬರಿ, ಕಥೆ, ನಾಟಕ, ಮಕ್ಕಳ ಸಾಹಿತ್ಯ ಎಂದು ಅರ್ಧ ಶತಮಾನಕ್ಕೂ ಮೀರಿ ಅವರ ಲೇಖನಿ ನಡೆಯಿತು. ‘ಮುಳುಗಡೆಯ ಊರಿಗೆ ಬಂದವರು’ ಎಂಬ ಮಕ್ಕಳ ಕಾದಂಬರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ದೊರೆಯಿತು. 2014ರ ಜನವರಿಯಲ್ಲಿ ಮಡಿಕೇರಿಯಲ್ಲಿ ನಡೆದ 80ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರದಾಯಿತು. 2025ರ ಜನವರಿ 5ರಂದು, ನಮ್ಮ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ, 87ರ ವಯಸ್ಸಿನಲ್ಲಿ ಅವರು ಕೊನೆಯುಸಿರೆಳೆದರು.

ಅವರ ಬರವಣಿಗೆಯ ಬೇರು ಶರಾವತಿ ಕಣಿವೆಯಲ್ಲಿದೆ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಅವರು ಆ ಕಣಿವೆಯಲ್ಲಿ ದುಡಿದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮೇಲೆದ್ದಿತು. ಅದರ ನೀರಿನಿಂದ ಶರಾವತಿ ವಿದ್ಯುದಾಗಾರ ಪೂರ್ಣಗೊಂಡಾಗ ಅದರ ಸಾಮರ್ಥ್ಯ 891 ಮೆಗಾವಾಟ್. ನಾಡಿಗೆ ಬೆಳಕು ಬಂತು. ಆದರೆ ಆ ಹಿನ್ನೀರಿನಡಿಯಲ್ಲಿ ಹಳ್ಳಿಗಳು, ಗದ್ದೆ ತೋಟಗಳು, ದೇವಸ್ಥಾನಗಳು ಮುಳುಗಿದವು. ನೆಲ ಬಿಟ್ಟವರು ಬದಲಿ ಭೂಮಿಯ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಕಚೇರಿಗಳಿಗೆ ಅಲೆದರು. ಈ ಸಂಕಟವನ್ನು ಡಿಸೋಜರು ಕಡತಗಳ ಆಚೆ ನಿಂತು ಕಂಡರು. ‘ಮುಳುಗಡೆ’, ‘ದ್ವೀಪ’ ಮುಂತಾದ ಕೃತಿಗಳು ಅದರಿಂದ ಹುಟ್ಟಿದವು.

‘ದ್ವೀಪ’ದ ಕಥೆ ಸರಳವಾದುದು. ಅಣೆಕಟ್ಟಿನ ನೀರು ಏರುತ್ತಿದೆ. ಸುತ್ತಲಿನವರು ಪರಿಹಾರ ಪಡೆದು ಒಬ್ಬೊಬ್ಬರಾಗಿ ಊರು ಬಿಡುತ್ತಾರೆ. ಸೀತಾಪರ್ವತವೆಂಬ ಗುಡ್ಡದ ಮೇಲೆ ಗಣಪಯ್ಯ ಮತ್ತು ಅವನ ಹೆಂಡತಿ ನಾಗವೇಣಿಯ ಸಂಸಾರ ಮಾತ್ರ ಉಳಿಯುತ್ತದೆ. ಮಳೆ ಹಿಡಿಯುತ್ತದೆ, ಗುಡ್ಡ ದ್ವೀಪವಾಗುತ್ತದೆ. ಸಹಾಯಕ್ಕೆಂದು ನಾಗವೇಣಿಯ ತವರಿನ ಕಡೆಯ ಕೃಷ್ಣಯ್ಯ ಬಂದಾಗ, ಹೊರಗೆ ಏರುವ ನೀರಿನಂತೆಯೇ ಮನೆಯೊಳಗೆ ಸಂಶಯ ಏರುತ್ತದೆ. ಸರಕಾರ ನೆಲವನ್ನು ಅಳೆದು ಬೆಲೆ ಕಟ್ಟಬಲ್ಲುದು. ಆ ನೆಲದ ಮೇಲೆ ನಿಂತಿದ್ದ ಗಂಡಹೆಂಡಿರ ನಂಬಿಕೆ ಮುರಿದರೆ ಅದಕ್ಕೆ ಯಾವ ಪರಿಹಾರದ ಪಟ್ಟಿಯಲ್ಲೂ ಜಾಗವಿಲ್ಲ.

ಗಿರೀಶ್ ಕಾಸರವಳ್ಳಿಯವರು 2002ರಲ್ಲಿ ಈ ಕಾದಂಬರಿಯನ್ನು ಚಲನಚಿತ್ರವಾಗಿಸಿದರು. ನಟಿ ಸೌಂದರ್ಯ ತಾವೇ ನಿರ್ಮಾಪಕಿಯಾಗಿ ನಾಗಿಯ ಪಾತ್ರ ವಹಿಸಿದರು, ಅವಿನಾಶ್ ಗಣಪನಾದರು. 49ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅದಕ್ಕೆ ಅತ್ಯುತ್ತಮ ಕಥಾಚಿತ್ರದ ಸ್ವರ್ಣಕಮಲ ಲಭಿಸಿತು. ಮಳೆಯ ಆ ದೃಶ್ಯಗಳನ್ನು ಸೆರೆಹಿಡಿದ ಎಚ್. ಎಂ. ರಾಮಚಂದ್ರರಿಗೂ ಛಾಯಾಗ್ರಹಣದ ರಾಷ್ಟ್ರಪ್ರಶಸ್ತಿ ಬಂತು. ಚಿತ್ರದಲ್ಲಿ ಕಥೆಯ ಭಾರ ನಾಗಿಯ ಕಡೆಗೆ ಸರಿದಿದೆ. ಮನೆಯನ್ನು ಉಳಿಸಿಕೊಳ್ಳಲು ಅವಳು ಮೈಮುರಿದು ದುಡಿದರೂ, ನೀರು ಇಳಿದಾಗ ಗಂಡ ಅದನ್ನು ದೈವಕೃಪೆ ಎನ್ನುತ್ತಾನೆಯೇ ವಿನಾ ಹೆಂಡತಿಯ ದುಡಿಮೆಯನ್ನು ನೆನೆಯುವುದಿಲ್ಲ. ದೇವರಿಗೆ ಕೃತಜ್ಞತೆ ಸಲ್ಲಿಸುವಾಗ ಪಕ್ಕದಲ್ಲಿರುವವರನ್ನು ಮರೆಯುವ ಈ ದೋಷ ನಮ್ಮ ಕುಟುಂಬಗಳಲ್ಲಿ ಇಲ್ಲವೆಂದು ಯಾರು ಹೇಳಬಲ್ಲರು? ಇದಕ್ಕೂ ಮುಂಚೆ, 1988ರಲ್ಲಿ, ಸುರೇಶ್ ಹೆಬ್ಳೀಕರರು ಡಿಸೋಜರ ‘ಕಾಡಿನ ಬೆಂಕಿ’ಯನ್ನು ತೆರೆಗೆ ತಂದಿದ್ದರು, ಅದೂ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು.

ಕಾದಂಬರಿ, ಸಿನೆಮಾಗಳಿಂದ ಆತ್ಮಕ್ಕೇನು ಲಾಭವೆಂದು ಕೇಳುವ ಹಿರಿಯರು ನಮ್ಮಲ್ಲಿದ್ದಾರೆ. ಅದು ಹಗುರವಾದ ಪ್ರಶ್ನೆಯಲ್ಲ. ಸೆಮಿನರಿಯಲ್ಲಿ ನಾವು ಓದಿದ ಸಂತ ಅಗಸ್ಟೀನರು ತಮ್ಮ ‘ಕನ್ಫೆಷನ್ಸ್’ ಗ್ರಂಥದಲ್ಲಿ ಇದನ್ನೇ ಕೇಳಿಕೊಂಡಿದ್ದಾರೆ. ಕಾರ್ಥೇಜಿನ ನಾಟಕಶಾಲೆಯಲ್ಲಿ ಇತರರ ದುಃಖ ಕಂಡು ಕಣ್ಣೀರಿಡುವುದು ತಮಗೇಕೆ ಹಿತವಾಗಿತ್ತು ಎಂದು ಅವರು ಶೋಧಿಸುತ್ತಾರೆ. ಅಲ್ಲಿ ಪ್ರೇಕ್ಷಕನನ್ನು ಅಳಲು ಕರೆಯುತ್ತಾರೆ, ನೆರವಾಗಲು ಯಾರೂ ಕರೆಯುವುದಿಲ್ಲ ಎಂಬುದು ಅವರ ಆಕ್ಷೇಪಣೆಯ ತಿರುಳು.

ಈ ಆಕ್ಷೇಪಣೆಗೆ ಡಿಸೋಜರ ಬದುಕೇ ಉತ್ತರ ಕೊಡುತ್ತದೆ. ಅವರು ಮುಳುಗಡೆಯ ಕಥೆ ಬರೆದು ಪ್ರಶಸ್ತಿ ಪಡೆದು ಸುಮ್ಮನೆ ಕುಳಿತವರಲ್ಲ. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಯೋಜನೆಯ ಮಾತು 2019ರಲ್ಲಿ ಎದ್ದಾಗ, 82ರ ಆ ವೃದ್ಧರು ಶರಾವತಿಯ ಉಳಿವಿನ ಹೋರಾಟದ ಮುಂದಾಳಾಗಿ ನಿಂತರು. ಅಗಸ್ಟೀನರು ನಾಟಕಶಾಲೆಯಲ್ಲಿ ಕಾಣದೆ ಹೋದ ಆ ಕರೆಯನ್ನು ಡಿಸೋಜರು ತಮ್ಮ ಕಥೆಯೊಳಗಿನಿಂದಲೇ ಕೇಳಿಸಿಕೊಂಡಿದ್ದರು.

ಮತ್ತೊಂದು ಸಂಗತಿಯನ್ನು ಕಥೋಲಿಕ ಓದುಗರು ವಿಶೇಷವಾಗಿ ಗಮನಿಸಬೇಕು. ‘ದ್ವೀಪ’ದ ಗಣಪಯ್ಯ ಬ್ರಾಹ್ಮಣ. ಕ್ರೈಸ್ತ ಲೇಖಕರೊಬ್ಬರು ಆ ಮನೆಯ ಅಡಿಗೆ, ಪೂಜೆ, ಭಯ, ಮೌನಗಳನ್ನು ತಮ್ಮ ಮನೆಯದೆಂಬಂತೆ ಬರೆದರು. ಹಾಗೆಂದು ಅವರು ತಮ್ಮ ಜನರನ್ನು ಮರೆಯಲಿಲ್ಲ. ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಕಾದಂಬರಿಯಲ್ಲಿ ಘಟ್ಟದ ಮೇಲಿನ ಪುಟ್ಟ ಕಥೋಲಿಕ ಸಮುದಾಯವನ್ನು ಕನ್ನಡದ ಓದುಗರ ಮುಂದಿಟ್ಟರು. ಕನ್ನಡಿಗರು ನಮ್ಮನ್ನು ಅರಿತಿಲ್ಲವೆಂದು ನಾವು ಆಗಾಗ ದೂರುತ್ತೇವೆ. ನಮ್ಮನ್ನು ಅವರಿಗೆ ಪರಿಚಯಿಸಿದ ಲೇಖಕರನ್ನು ನಾವೆಷ್ಟು ಓದಿದ್ದೇವೆ? ಮನೆಮನೆಗೆ ಭೇಟಿ ನೀಡುವಾಗ ಕಪಾಟಿನಲ್ಲಿ ಟ್ರೋಫಿಗಳನ್ನೂ ವಿದೇಶದಿಂದ ಬಂದ ಗಾಜಿನ ಸಾಮಾನುಗಳನ್ನೂ ಕಾಣುತ್ತೇನೆ. ಕನ್ನಡ ಪುಸ್ತಕ ಅಪರೂಪ.

ಆದುದರಿಂದ ಓದುಗ ಬಂಧುಗಳಲ್ಲಿ ಎರಡು ವಿನಂತಿಗಳು. ಈ ಮಳೆಗಾಲದ ಒಂದು ಸಂಜೆ, ಜಪಸರವಾದ ಮೇಲೆ, ಮನೆಮಂದಿ ಕೂಡಿ ‘ದ್ವೀಪ’ವನ್ನು ಓದಿರಿ; ಯುವಕ ಸಂಘಗಳು ಚಿತ್ರವನ್ನು ತೋರಿಸಿ ಅದರ ಬಗ್ಗೆ ಚರ್ಚೆ ಏರ್ಪಡಿಸಲಿ. ಇದು ಮೊದಲನೆಯದು. ಎರಡನೆಯದು ಓದಿದ ಮೇಲಿನ ಕೆಲಸ. ಮರುದಿನ ಕಡಲ ದಂಡೆಯ ತನಕ ನಡೆದು ಹೋಗಿ, ಅಲೆಗೆ ಹತ್ತಿರದ ಮನೆಯವರನ್ನು ಮಾತನಾಡಿಸಿ ಬನ್ನಿರಿ. ಅವರಿಗೆ ರಾತ್ರಿ ತಂಗಲು ಜಾಗವಿದೆಯೇ, ಪರಿಹಾರದ ಅರ್ಜಿ ಬರೆದುಕೊಡುವವರಿದ್ದಾರೆಯೇ ಎಂದು ವಿಚಾರಿಸಿರಿ.

‘ನನ್ನ ನೆರೆಯವನು ಯಾರು?’ ಎಂದು ಕೇಳಿದ ಶಾಸ್ತ್ರಜ್ಞನಿಗೆ ಕ್ರಿಸ್ತರು ಪಟ್ಟಿ ಕೊಡಲಿಲ್ಲ, ಒಂದು ಕಥೆ ಹೇಳಿದರು. ಆ ಕಥೆಯನ್ನು ವರ್ಷವರ್ಷವೂ ಪ್ರಬೋಧಿಸುತ್ತಿದ್ದ ನಾನೇ ಅಂದು ಸಭೆಯಲ್ಲಿ “ಎರಡು” ಎಂದು ಉತ್ತರಿಸಿದ್ದೆ. ಇನ್ನೊಮ್ಮೆ ಯಾರಾದರೂ ಅದೇ ಪ್ರಶ್ನೆ ಕೇಳಿದರೆ, ಆ ಸಾಲಿನ ಅಷ್ಟೂ ಮನೆಗಳನ್ನು ಎಣಿಸಿ ಹೇಳುವೆನು.