ಸ್ನೋ ವ್ಯೂ ರೂಮಿನ ಹುಚ್ಚು

ಜನವರಿ ಹತ್ತಿರ ಬಂದ್ರೆ ಸಾಕು, ಆಫೀಸಿನ ಟ್ರಿಪ್ ಗ್ರೂಪುಗಳಲ್ಲಿ ಒಂದೇ ಪ್ರಶ್ನೆ. ಉತ್ತರಾಖಂಡದ ಔಲಿಗೆ ಸ್ಕೀಯಿಂಗ್ ಹೋಗ್ತಿದ್ದೀವಿ. ಅಟ್ಯಾಚ್ಡ್ ಬಾತ್‌ರೂಮ್, ಗೀಸರ್, ಹೀಟರ್, ಪರದೆ ಸರಿಸಿದ್ರೆ ಹಿಮ, ಇಷ್ಟೆಲ್ಲ ಇರೋ ರೂಮು ಸಾವಿರದೈನೂರಕ್ಕೆ ಸಿಗುತ್ತಾ? ಸಿಗಲ್ಲ. ಸಿಕ್ಕರೆ ಖುಷಿಪಡೋ ವಿಷಯವೂ ಅಲ್ಲ ಅನ್ನೋದು ನನ್ನ ವಾದ.

ಇಳಿಜಾರಿನ ಪಕ್ಕದಲ್ಲಿ ಜಾಗ ಇರೋದೇ ಒಂದಿಷ್ಟು. ಸೀಸನ್ನು ಎರಡು ಮೂರು ತಿಂಗಳು. ಹಾಲು, ತರಕಾರಿ, ಗ್ಯಾಸು ಎಲ್ಲ ಕೆಳಗಿಂದಲೇ ಹತ್ತಿ ಬರಬೇಕು. ನಾವೋ, ಎಲ್ಲರೂ ಒಟ್ಟಿಗೆ ಗಣರಾಜ್ಯೋತ್ಸವದ ಲಾಂಗ್ ವೀಕೆಂಡಿಗೇ ಹೊರಡೋರು. ರೇಟು ಏರದೆ ಇನ್ನೇನಾಗುತ್ತೆ?

ಆಗ ಗ್ರೂಪಿನಲ್ಲಿ ಒಬ್ಬ ಜಾಣ ಇರ್ತಾನೆ: ಮೇಲೆ ಯಾಕೆ, ಕೆಳಗೆ ಜೋಶಿಮಠದಲ್ಲಿ ಉಳ್ಕೊಳ್ಳಿ ಗುರೂ, ಚೀಪು! ಜೋಶಿಮಠ ನಿಂತಿರೋದು ಹಳೇ ಭೂಕುಸಿತದ ಕಲ್ಲುಮಣ್ಣಿನ ರಾಶಿಯ ಮೇಲೆ. ಅಲ್ಲಿ ಭಾರೀ ಕಟ್ಟಡಗಳಿಗೆ ಕಡಿವಾಣ ಹಾಕಿ ಅಂತ ಮಿಶ್ರಾ ಸಮಿತಿ 1976ರಲ್ಲೇ ಹೇಳಿತ್ತು. ಆದರೂ ಕಟ್ಟಿದರು. ಬದರಿನಾಥದ ಯಾತ್ರಿಕರಿಗೆ, ಔಲಿಗೆ ಹೋಗೋ ನಮ್ಮಂಥವರಿಗೆ, ಮಹಡಿ ಮೇಲೆ ಮಹಡಿ. 2023ರ ಜನವರಿಯಲ್ಲಿ ನೂರಾರು ಮನೆಗಳು ಬಿರುಕು ಬಿಟ್ಟವು. ಒಂದಕ್ಕೊಂದು ವಾಲಿಕೊಂಡ ಎರಡು ಹೋಟೆಲುಗಳನ್ನ ಕೆಡವಬೇಕಾಯ್ತು. ಔಲಿಗೆ ಹೋಗೋ ರೋಪ್‌ವೇ ನಿಂತುಹೋಯ್ತು. ಹೋಟೆಲುಗಳೊಂದೇ ಕಾರಣ ಅಂತ ನಾನು ಹೇಳ್ತಿಲ್ಲ. ಸರಿಯಾದ ಚರಂಡಿ ಇಲ್ಲದ್ದು, ಜಲವಿದ್ಯುತ್ ಯೋಜನೆಯ ಸುರಂಗ, ಎಲ್ಲದರ ಮೇಲೂ ಊರವರಿಗೆ ಸಿಟ್ಟಿದೆ. ಆದ್ರೆ ನಮಗೆ ಅಗ್ಗವಾಗಿ ಸಿಕ್ಕ ಆ ಮೂರನೇ ಮಹಡಿಯ ಭಾರವೂ ಅದೇ ಮಣ್ಣಿನ ಮೇಲೇ ಕೂತಿದೆಯಲ್ಲ?

ಹಾಗಾದ್ರೆ ದುಡ್ಡಿರೋರು ಮಾತ್ರ ಸ್ಕೀ ಮಾಡಬೇಕಾ? ಖಂಡಿತ ಅಲ್ಲ. ರೂಮು ಹುಡುಕೋದು ಬಿಟ್ಟು ಹಾಸಿಗೆ ಹುಡುಕಿ. ಔಲಿಯಲ್ಲಿ ಸರ್ಕಾರಿ ನಿಗಮವಾದ ಗಢವಾಲ್ ಮಂಡಲ್ ವಿಕಾಸ್ ನಿಗಮದ ಡಾರ್ಮಿಟರಿ ಇದೆ, ಸ್ಕೀ ಕೋರ್ಸೂ ಇದೆ. ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ, ಗುಲ್ಮಾರ್ಗಿನಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸ್ಕೀಯಿಂಗ್ ಸಂಸ್ಥೆ. ವಸತಿ, ಊಟ, ಸ್ಕೀ, ಬೂಟು, ಕಲಿಸೋ ಮೇಷ್ಟ್ರು, ಎಲ್ಲ ಒಂದೇ ಫೀಸಿನಲ್ಲಿ. ಹೋಟೆಲಿನವರು ಇದನ್ನೆಲ್ಲ ಬಿಡಿಬಿಡಿಯಾಗಿ ಬಿಲ್ ಮಾಡ್ತಾರೆ.

"ಅಯ್ಯೋ, ಡಾರ್ಮಿಟರಿನಾ?" ಅಂತ ಮುಖ ಸಿಂಡರಿಸೋರನ್ನ ಕಂಡ್ರೆ ನನಗೆ ನಗು ಬರುತ್ತೆ. ಬಿಟಿಎಂ ಲೇಔಟಿನ ಪಿಜಿಯಲ್ಲಿ ತ್ರೀ ಶೇರಿಂಗಿನಲ್ಲಿ ಮೂರು ವರ್ಷ ಕಳೆದೋರು ನಾವು. ಬಕೆಟ್ಟಿಗೆ ಕ್ಯೂ ನಿಂತಿದ್ದೀವಿ, ಪಕ್ಕದವನ ಗೊರಕೆಗೆ ಒಗ್ಗಿಕೊಂಡಿದ್ದೀವಿ. ಸಂಬಳ ಏರಿದ ಮೇಲೆ ಇದ್ದಕ್ಕಿದ್ದಂತೆ ಪ್ರೈವೆಸಿ ನೆನಪಾಯ್ತಾ?

ಮನಾಲಿಯವರ ಹಾಗೆ ಹದಿನಾಲ್ಕು ದಿನ ಅಂದ್ರೆ ಮ್ಯಾನೇಜರ್ ರಜೆ ಕೊಡಲ್ಲ, ಒಪ್ಪಿದೆ. ಔಲಿಯಲ್ಲಿ ಏಳು ದಿನದ್ದೂ ಇದೆ. ಡೆಹ್ರಾಡೂನಿಂದ ಜೋಶಿಮಠ ತಲುಪೋಕೇ ಇಡೀ ಒಂದು ದಿನ ಬೇಕು. ವಾಪಸ್ ಬರೋಕೆ ಇನ್ನೊಂದು. ಲಾಂಗ್ ವೀಕೆಂಡಿನ ಮೂರು ದಿನದಲ್ಲಿ ಹಿಮದ ಮೇಲೆ ನಿಲ್ಲೋದು ಎಷ್ಟು ಹೊತ್ತು, ನೀವೇ ಲೆಕ್ಕ ಹಾಕಿ. ಹೊಸಬರಿಗೆ ಅಷ್ಟರಲ್ಲಿ ಬರೋದು ಬೀಳೋದೊಂದೇ.

ನಿಜವಾದ ತೊಂದರೆ ಅಂದ್ರೆ ಸೀಟುಗಳದ್ದು. ಜನವರಿಯಿಂದ ಮಾರ್ಚ್‌ವರೆಗೆ ಕೆಲವೇ ಬ್ಯಾಚು, ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕು. ಬ್ಯಾಚು ಹೆಚ್ಚಿಸಿ ಅಂತ ಆ ಸಂಸ್ಥೆಗಳಿಗೆ ಒಂದು ಈಮೇಲ್ ಹಾಕಿದೋರು ನನ್ನ ಬಳಗದಲ್ಲಂತೂ ಯಾರೂ ಇಲ್ಲ. ಗೀಸರ್ ಕೆಟ್ಟಿತ್ತು ಅಂತ ಹೋಟೆಲಿಗೆ ಒಂದೇ ಸ್ಟಾರ್ ಕೊಟ್ಟು ಪ್ಯಾರಾಗಟ್ಟಲೆ ರಿವ್ಯೂ ಬರೆದೋರು ಮಾತ್ರ ಬೇಕಾದಷ್ಟು ಜನ ಇದ್ದಾರೆ.