ದೆವ್ವವಾಗುವ ಹಕ್ಕು

‘ಅದು ಕಟ್ಟುಕಥೆ. ಅದರಲ್ಲಿ ಇತಿಹಾಸವನ್ನು ಹುಡುಕುವುದೇಕೆ?’ ಸ್ಟುವರ್ಟ್ ಟರ್ಟನ್ ಅವರ 2020ರ ಕಾದಂಬರಿ ‘ದಿ ಡೆವಿಲ್ ಅಂಡ್ ದಿ ಡಾರ್ಕ್ ವಾಟರ್’ ಕುರಿತು ಮಾತು ಬಂದಾಗಲೆಲ್ಲ ನಮ್ಮ ನಡುವೆ ಏಳುವ ಪ್ರಶ್ನೆ ಇದು. ಕೇಳುವವರು ಬಲ್ಲ ಓದುಗರೇ. ಆದರೂ ಈ ಔದಾರ್ಯವನ್ನು ನಾವು ಒಪ್ಪಲಾರೆವು. ಮೇಲ್ನೋಟಕ್ಕೆ ಇದು ಕಾದಂಬರಿಯ ಪರವಾದ ವಾದ. ಒಳಹೊಕ್ಕು ನೋಡಿದರೆ ಆ ಪ್ರಕಾರದ ಮೇಲಿನ ತಾತ್ಸಾರ. ಭೈರಪ್ಪನವರ ‘ಆವರಣ’ದ ಇತಿಹಾಸ ನಿಜವೋ ಸುಳ್ಳೋ ಎಂದು ವರ್ಷಗಟ್ಟಲೆ ಜಗಳವಾಡಿದವರು ನಾವು. ಅದೇ ನಾವು ಪತ್ತೇದಾರಿ ಎಂಬ ಹಣೆಪಟ್ಟಿ ಕಂಡೊಡನೆ ‘ರೈಲಿನಲ್ಲಿ ಓದಲು ಚೆನ್ನ’ ಎಂದು ಕೈತೊಳೆದುಕೊಳ್ಳುತ್ತೇವೆ. ಯಾವುದರಿಂದ ಏನನ್ನೂ ನಿರೀಕ್ಷಿಸುವುದಿಲ್ಲವೋ ಅದನ್ನು ನಾವು ಗೌರವಿಸುತ್ತಿದ್ದೇವೆ ಎಂದು ಹೇಗೆ ನಂಬುವುದು?

ಓದದವರಿಗಾಗಿ ಕಥೆಯ ಚೌಕಟ್ಟನ್ನಷ್ಟೇ ಹೇಳಬೇಕು. (ರಹಸ್ಯವನ್ನು ಬಯಲು ಮಾಡುವುದಿಲ್ಲ, ಆ ಪಾಪ ನಮಗೆ ಬೇಡ.) 1634ನೆಯ ಇಸವಿ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಏಳು ಹಡಗುಗಳು ಬಟೇವಿಯಾದಿಂದ, ಅಂದರೆ ಇಂದಿನ ಜಕಾರ್ತದಿಂದ, ಆಮ್‌ಸ್ಟರ್‌ಡಾಮಿಗೆ ಹೊರಡುತ್ತವೆ. ಅವುಗಳಲ್ಲಿ ‘ಸಾರ್ಡಾಮ್’ ಎಂಬುದು ಕಥೆಯ ಹಡಗು. ಹೆಸರಾಂತ ಪತ್ತೇದಾರ ಸ್ಯಾಮ್ಯುಯೆಲ್ ಪಿಪ್ಸ್ ಅದರ ಕತ್ತಲೆಯ ಕೋಣೆಯಲ್ಲಿ ಕೈದಿ. ಹಾಗಾಗಿ ಪತ್ತೆಯ ಹೊಣೆ ಅವನ ಅಂಗರಕ್ಷಕ ಆರೆಂಟ್ ಹೇಯ್ಸ್ ಮತ್ತು ಗವರ್ನರ್ ಜನರಲ್‌ನ ಹೆಂಡತಿ ಸಾರಾ ವೆಸೆಲ್ ಇಬ್ಬರ ಮೇಲೆ ಬೀಳುತ್ತದೆ. ಹೊರಡುವ ಮುನ್ನ ಬಂದರಿನಲ್ಲಿ ಕುಷ್ಠರೋಗಿಯೊಬ್ಬ ಈ ಹಡಗು ಹತ್ತಿದವರೆಲ್ಲ ನಾಶವಾಗುತ್ತಾರೆಂದು ಸಾರಿ, ಕಣ್ಣೆದುರೇ ಹೊತ್ತಿ ಉರಿಯುತ್ತಾನೆ. ಹತ್ತಿರ ಹೋಗಿ ನೋಡಿದರೆ ಅವನಿಗೆ ನಾಲಗೆಯೇ ಇಲ್ಲ.

ಇಲ್ಲಿಂದ ಮುಂದೆ ಟರ್ಟನ್ ಭಯವನ್ನು ಬೆಳೆಸುವ ಬಗೆ ಮೆಚ್ಚತಕ್ಕದ್ದು. ರಕ್ತ ಹರಿಸಿ ಹೆದರಿಸುವುದು ಅವರ ಜಾಯಮಾನವಲ್ಲ. ರಾತ್ರಿ ಸಮುದ್ರದ ಮೇಲೆ ಲಾಂದ್ರಗಳನ್ನು ಎಣಿಸಿದರೆ ಏಳರ ಜಾಗದಲ್ಲಿ ಎಂಟು. ಅಷ್ಟೇ. ಎಂಟನೆಯದು ಯಾರದೆಂದು ಯಾರೂ ಹೇಳಲಾರರು. ನೂರಾರು ಜನ ಒತ್ತೊತ್ತಾಗಿ ಮಲಗಿದ ಹಡಗಿನ ಕತ್ತಲೆಯಲ್ಲಿ ಒಂದು ಪಿಸುದನಿ ಒಬ್ಬೊಬ್ಬರ ಕಿವಿಗೂ ಬರುತ್ತದೆ. ನಿನಗೆ ಬೇಕಾದುದನ್ನು ಕೊಡುತ್ತೇನೆ, ಬದಲಿಗೆ ನನಗೊಂದು ಕೆಲಸ ಮಾಡಿಕೊಡು ಎಂಬುದು ಅದರ ವರಸೆ. ‘ಓಲ್ಡ್ ಟಾಮ್’ ಎಂಬ ಈ ದೆವ್ವ ಬೆದರಿಸುವುದಕ್ಕಿಂತ ಹೆಚ್ಚಾಗಿ ವ್ಯಾಪಾರ ಮಾಡುತ್ತದೆ.

ವ್ಯಾಪಾರ ಮಾಡುವ ದೆವ್ವ! ಕಂಪನಿಯ ಹಡಗಿನಲ್ಲಿ ಇದಕ್ಕಿಂತ ಅರ್ಥವತ್ತಾದ ಕಲ್ಪನೆ ಬೇರೆ ಬೇಕೆ? ನಮ್ಮ ತಕರಾರು ಶುರುವಾಗುವುದು ಇಲ್ಲಿಯೇ.

1621ರಲ್ಲಿ ಇದೇ ಕಂಪನಿಯ ಗವರ್ನರ್ ಜನರಲ್ ಯಾನ್ ಪೀಟರ್‌ಸೂನ್ ಕೂನ್ ಜಾಯಿಕಾಯಿಯ ಏಕಸ್ವಾಮ್ಯಕ್ಕಾಗಿ ಬಾಂದಾ ದ್ವೀಪಗಳ ಮೇಲೆ ಬಿದ್ದ. ಅಲ್ಲಿಯ ಮುಖಂಡರನ್ನು ಜಪಾನಿ ಬಾಡಿಗೆ ಸೈನಿಕರ ಕೈಯಿಂದ ಕಡಿಸಿದ. ಸುಮಾರು 15,000 ಎಂದು ಅಂದಾಜಿಸಲಾಗಿರುವ ಜನಸಂಖ್ಯೆಯಲ್ಲಿ ಬಹುಪಾಲು ಜನ ಕೊಲೆಯಾದರು, ಹಸಿವಿನಿಂದ ಸತ್ತರು ಇಲ್ಲವೇ ಓಡಿಹೋದರು. ಸಿಕ್ಕವರಲ್ಲಿ ನೂರಾರು ಮಂದಿಯನ್ನು ಗುಲಾಮರಾಗಿ ಬಟೇವಿಯಾಕ್ಕೆ ಸಾಗಿಸಲಾಯಿತು. ಕಥೆ ನಡೆಯುವುದು ಇದಾದ ಹದಿಮೂರೇ ವರ್ಷಗಳ ಬಳಿಕ, ಅದೇ ಬಟೇವಿಯಾದಿಂದ ಹೊರಟ ಹಡಗಿನಲ್ಲಿ. ಕಾದಂಬರಿಯಲ್ಲಿ ಬಾಂದಾ ಬರುವುದೇ ಇಲ್ಲವೆಂದಲ್ಲ. ಗವರ್ನರನ ಕ್ರೌರ್ಯಕ್ಕೆ ಒಂದು ಪುರಾವೆಯಾಗಿ ಬಂದು ಹಾದುಹೋಗುತ್ತದೆ. ದೆವ್ವದ ಪೂರ್ವಕಥೆಯೋ ಯೂರೋಪಿನದು. ಅದು ಕಾಡಿದ್ದು ಅಲ್ಲಿನ ಸಿರಿವಂತ ಮನೆತನಗಳನ್ನು. ಜಾಯಿಕಾಯಿಗಾಗಿ ಸತ್ತವರಿಗೆ ಜಾಯಿಕಾಯಿಯ ಹಡಗಿನಲ್ಲಿ ದೆವ್ವವಾಗುವ ಹಕ್ಕೂ ದೊರೆಯಲಿಲ್ಲ.

ಪುಸ್ತಕದ ಕೊನೆಯಲ್ಲಿ ಲೇಖಕರು ಇತಿಹಾಸದ ಮತ್ತು ಹಡಗುಗಳ ಕ್ಷಮೆ ಕೇಳುವ ಚಿಕ್ಕ ಟಿಪ್ಪಣಿಯೊಂದನ್ನು ಸೇರಿಸಿದ್ದಾರೆ. ಹಾಸ್ಯದ ಧಾಟಿ, ಓದಿ ನಕ್ಕೆವು. ಹಗ್ಗ, ಹಾಯಿ, ಪಟಸ್ತಂಭಗಳ ತಪ್ಪುಗಳನ್ನು ಪಟ್ಟಿ ಮಾಡುವ ಪಂಡಿತರೊಡನೆ ನಮಗೂ ಸಹಮತವಿಲ್ಲ. ಹಗ್ಗದ ಗಂಟು ತಪ್ಪಾದರೆ ಕಥೆ ಮುಳುಗುವುದಿಲ್ಲ. ಕೇಳಬೇಕಾದ ಕ್ಷಮೆ ಹಗ್ಗದ್ದಲ್ಲವಲ್ಲ!

‘ಇಷ್ಟೆಲ್ಲ ಭಾರ ಹೊರಿಸಿದರೆ ಕಥೆಯ ವೇಗ ಹೋಗುತ್ತದೆ’ ಎಂಬ ಆಕ್ಷೇಪವುಂಟು. ಉಂಬರ್ಟೊ ಎಕೋ ಅವರ ‘ದಿ ನೇಮ್ ಆಫ್ ದಿ ರೋಸ್’ ಇದಕ್ಕೆ ಉತ್ತರ. 1980ರ ಆ ಕಾದಂಬರಿಯ ಕಾಲ 1327, ಸ್ಥಳ ಇಟಲಿಯ ಕ್ರೈಸ್ತ ಮಠ. ಅಲ್ಲಿ ಹೆಣಗಳು ಬೀಳುತ್ತಿದ್ದಂತೆ ಲೋಕಾಂತ್ಯ ಬಂತೆಂದು ಸನ್ಯಾಸಿಗಳು ನಡುಗುವುದು ಆ ಕಾಲದ ಮನಸ್ಸೇ ಹಾಗಿತ್ತೆಂಬ ಕಾರಣಕ್ಕೆ. ಬಡತನದ ಕುರಿತ ಪೋಪ್ ಮತ್ತು ಫ್ರಾನ್ಸಿಸ್ಕನ್ನರ ಜಗಳವನ್ನು ತೆಗೆದುಹಾಕಿದರೆ ಆ ಕಥೆಯ ಭಯವೂ ತೆಳ್ಳಗಾಗುತ್ತದೆ. ಪುಟಗಟ್ಟಲೆ ಧರ್ಮಶಾಸ್ತ್ರವಿದ್ದೂ ಅದು ಜಗತ್ತಿನಾದ್ಯಂತ ಮಾರಾಟವಾಯಿತು. ಓದುಗರು ನಾವು ತಿಳಿದಷ್ಟು ಸೋಮಾರಿಗಳಲ್ಲ. ಟರ್ಟನ್ ಅವರ ಸಾರಾ ಜಾಣೆ, ದಿಟ್ಟೆ, ನಮಗೆ ಇಷ್ಟವಾಗುತ್ತಾಳೆ. ಆದರೆ ಅವಳು ಆಲೋಚಿಸುವುದು ಬಹುಮಟ್ಟಿಗೆ ನಮ್ಮ ಕಾಲದವಳಂತೆ. ದೆವ್ವವನ್ನು ಬೆನ್ನುಮೂಳೆಯಿಂದ ನಂಬುವ ಮನಸ್ಸೊಂದು ಕಥೆಯ ನಡುವೆ ಇಲ್ಲದಿದ್ದರೆ ದೆವ್ವ ಬರಿಯ ಒಗಟಾಗುತ್ತದೆ. ಕಡೆಯ ನೂರು ಪುಟಗಳಲ್ಲಿ ಆದದ್ದು ಅದೇ. ಬೀಗದ ಕೈ ಸಿಕ್ಕಿತು, ನಡುಕ ನಿಂತಿತು.

ದೂರದೇಶದ ಕಥೆಗೆ ನಾವೇಕೆ ಇಷ್ಟು ಬಿಸಿಯಾಗಬೇಕು ಎನ್ನುವವರು, ಅದರಲ್ಲೂ ಚೆನ್ನೈನ ಗೆಳೆಯರು, ಒಂದು ಭಾನುವಾರ ಉತ್ತರಕ್ಕೆ ಸುಮಾರು 60 ಕಿಲೋಮೀಟರ್ ಹೋಗಿ ಪುಲಿಕಾಟ್ ನೋಡಿ ಬರಬಹುದು. ತಮಿಳರ ಪಳವೇರ್ಕಾಡು. ಕಂಪನಿ 1610ರಲ್ಲಿ ಅಲ್ಲಿ ಕೋಠಿ ತೆರೆಯಿತು. ಈ ಕರಾವಳಿಯ ಬಟ್ಟೆ ಪೂರ್ವದ ದ್ವೀಪಗಳಿಗೆ ಹೋಗುತ್ತಿತ್ತು, ಅದರ ಬದಲಿಗೆ ಸಂಬಾರ ಪದಾರ್ಥ ಬರುತ್ತಿತ್ತು. ಇಲ್ಲಿಂದ ಗುಲಾಮರನ್ನೂ ಬಟೇವಿಯಾಕ್ಕೆ ಹಡಗೇರಿಸುತ್ತಿದ್ದರು. ಊರಿನಲ್ಲಿ ಡಚ್ಚರ ಸ್ಮಶಾನ ಇನ್ನೂ ಇದೆ. ಅದರ ದ್ವಾರದಲ್ಲಿ ಕಲ್ಲಿನಲ್ಲಿ ಕಡೆದ ಎರಡು ಅಸ್ಥಿಪಂಜರಗಳು ನಿಂತಿವೆ. ಒಳಗೆ ಕಂಪನಿಯವರ ಹೆಸರುಗಳು ಚಂದದ ಅಕ್ಷರಗಳಲ್ಲಿ ಕೆತ್ತಲ್ಪಟ್ಟಿವೆ. ಹಡಗೇರಿಸಿದವರ ಹೆಸರು ಅಲ್ಲಿ ಒಂದೂ ಇಲ್ಲ.