ಹೂಂಗುಟ್ಟುವ ವ್ಯಾಯಾಮ

ಸ್ಕ್ಯಾನಿಂಗ್ ಎಂದೊಡನೆ ನಮಗೆ ನೆನಪಾಗುವುದು ಬಸುರಿ ಹೆಂಗಸರು. ಹೆಚ್ಚೆಂದರೆ ಮೂತ್ರಪಿಂಡದ ಕಲ್ಲು. ಅದೇ ಯಂತ್ರ ಕತ್ತುನೋವಿನವರಿಗೆ ವ್ಯಾಯಾಮದ ಮೇಷ್ಟ್ರೂ ಆಗಬಲ್ಲದು.

ಕಿವಿಯ ಹಿಂದಿನಿಂದ ಎದೆಯ ಮೂಳೆಗೆ ಹಗ್ಗದಂತೆ ಇಳಿಯುವ ಸ್ನಾಯುವನ್ನು ಕನ್ನಡಿಯಲ್ಲಿ ಯಾರೂ ನೋಡಬಹುದು. ಗಂಟಲಿನ ಹಿಂದೆ, ಬೆನ್ನುಮೂಳೆಗೆ ಅಂಟಿಕೊಂಡಿರುವ ಲಾಂಗಸ್ ಕೊಲೈ ಎಂಬ ಸ್ನಾಯು ಹಾಗಲ್ಲ. ಅದು ಕಾಣುವುದಿಲ್ಲ, ಬಿಗಿದರೆ ನಮ್ಮ ಅರಿವಿಗೂ ಬಾರದು. ನಾಲ್ಕೈದು ಕಿಲೋ ತೂಗುವ ತಲೆಯ ಕೆಳಗೆ ಕತ್ತಿನ ಮಣಿಗಳನ್ನು ಹದವಾಗಿ ಹಿಡಿದಿಡುವುದರಲ್ಲಿ ಅದರ ಪಾಲು ದೊಡ್ಡದು. ಹಳೆಯ ಕತ್ತುನೋವಿನ ಅನೇಕರಲ್ಲಿ ಅದು ಮೈಗಳ್ಳನಾಗುತ್ತದೆ. ಹೊರಗಿನ ಹಗ್ಗ ಅದರ ಕೆಲಸವನ್ನೂ ಹೊತ್ತು ಬಿಗಿದುಕೊಳ್ಳುತ್ತದೆ. ಇಂಥವರು ಜೋರಾಗಿ ಕತ್ತು ಎತ್ತುವ ಕಸರತ್ತು ಮಾಡಿದರೆ ಬಲಿಯುವುದು ಆ ಹಗ್ಗವೇ!

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಗ್ವೆಂಡೊಲೆನ್ ಜುಲ್ ಇದಕ್ಕೆ ಒಂದು ಉಪಾಯ ಕಂಡರು. ಅಂಗಾತ ಮಲಗಿದವರ ಕತ್ತಿನಡಿ ಗಾಳಿಚೀಲವಿಟ್ಟು 20 ಮಿಲಿಮೀಟರ್ ಪಾದರಸದ ಒತ್ತಡಕ್ಕೆ ಊದುವುದು. ಕತೆ ಕೇಳುತ್ತ ಹೂಂಗುಟ್ಟುವಷ್ಟು ಮೆಲ್ಲಗೆ ಗಲ್ಲ ಬಾಗಿಸಿ ಮುಳ್ಳನ್ನು 22, 24 ಎಂದು 30ರವರೆಗೆ ಏರಿಸುವುದು. ಆದರೆ ಮುಳ್ಳು ಏರಿದ್ದನ್ನು ಹೇಳುತ್ತದೆಯೇ ಹೊರತು ಏರಿಸಿದವರು ಯಾರೆಂದು ಹೇಳದು. ತಲೆಯನ್ನು ಹಿಂದಕ್ಕೆ ಒತ್ತಿದರೂ ಅದು ಏರುತ್ತದೆ.

ಸ್ಕ್ಯಾನಿಂಗ್ ಬೇಕಾಗುವುದು ಇಲ್ಲಿ. ಕತ್ತಿನ ಮುಂಬದಿಗೆ ಜೆಲ್ ಸವರಿ ಪ್ರೋಬ್ ಇಟ್ಟರೆ ಪರದೆಯ ಮೇಲೆ ಮಿಡಿಯುವ ಕ್ಯಾರಟಿಡ್ ರಕ್ತನಾಳ, ಅದರ ಕೆಳಗೆ ಮೂಳೆಗೆ ಒರಗಿದ ಲಾಂಗಸ್ ಕೊಲೈ ಕಾಣುತ್ತದೆ. ಸರಿಯಾಗಿ ಹೂಂಗುಟ್ಟಿದರೆ ಅದು ದಪ್ಪಗಾಗುವುದನ್ನು ರೋಗಿಯೇ ಆ ಕ್ಷಣದಲ್ಲಿ ನೋಡಬಹುದು. ಸೊಂಟದ ಮಲ್ಟಿಫಿಡಸ್ ಸ್ನಾಯುವಿನ ವಿಷಯದಲ್ಲಿ ಜೂಲಿ ಹೈಡ್ಸ್ ಮತ್ತು ಸಂಗಡಿಗರು 1996ರಲ್ಲೇ ಬರೆದಿದ್ದರು: ನೋವು ಹೋದ ಮಾತ್ರಕ್ಕೆ ಸೊರಗಿದ ಸ್ನಾಯು ತಾನಾಗಿ ತುಂಬಿಕೊಳ್ಳುವುದಿಲ್ಲ, ಅದಕ್ಕೇ ಬೇರೆ ಪಾಠ ಬೇಕು. ಹಾಗೆಂದು ಚಿತ್ರವನ್ನೇ ನಂಬಿ ಕೂರುವಂತಿಲ್ಲ. ಪ್ರೋಬ್ ತುಸು ವಾಲಿದರೂ ಅಳತೆ ಬದಲಾಗುತ್ತದೆ; ದಪ್ಪವಾದದ್ದೆಲ್ಲ ಬಲವೂ ಅಲ್ಲ.

ನಮ್ಮ ಫಿಸಿಯೊಥೆರಪಿ ಕೇಂದ್ರಗಳಲ್ಲಿ 'ಅಲ್ಟ್ರಾಸೌಂಡ್ ಕೊಟ್ಟರು' ಎನ್ನುವುದು ಬೇರೆ ಯಂತ್ರ, ಅದು ಚಿತ್ರ ತೋರಿಸುವುದಿಲ್ಲ. ಚಿತ್ರದ ಯಂತ್ರವನ್ನು ಹಾಗೆಲ್ಲ ಇಟ್ಟುಕೊಳ್ಳಲೂ ಬಾರದು. ಕತ್ತು ನೋಡುವ ಯಂತ್ರ ಗರ್ಭವನ್ನೂ ನೋಡಬಲ್ಲದಾದ್ದರಿಂದ 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ ನೋಂದಣಿ ಕೇಳುತ್ತದೆ. ಹೆಣ್ಣುಕೂಸುಗಳನ್ನು ಕಳೆದುಕೊಂಡ ನಾಡಿಗೆ ಈ ಬಿಗಿ ಬೇಕಾದದ್ದೇ.

ಪೆಟ್ಟು ಬಿದ್ದಿದ್ದರೆ, ಕೈ ಜೋಮು ಹಿಡಿಯುತ್ತಿದ್ದರೆ ಮೊದಲು ವೈದ್ಯರಲ್ಲಿಗೆ ಹೋಗಿ. ಉಳಿದವರು ಫಿಸಿಯೊಥೆರಪಿಸ್ಟರಿಂದ ಒಮ್ಮೆ ಕಲಿತ ಮೇಲೆ ಮನೆಯಲ್ಲಿ ಮಲಗಿ, ಎರಡು ಬೆರಳನ್ನು ಆ ಹಗ್ಗದ ಮೇಲಿಟ್ಟು ಹೂಂಗುಟ್ಟಿ ನೋಡಬಹುದು. ಬೆರಳಿಗೆ ಹಗ್ಗ ಗಟ್ಟಿಯಾಗಿ ತಾಕಿತೆಂದರೆ ಬಾಗಿಸಿದ್ದು ಹೆಚ್ಚಾಯಿತು, ಅರ್ಧಕ್ಕೆ ಇಳಿಸಿ.